ತೊಳೆಯುವ ತೊಟ್ಟಿ

ಕೊನೆಯ ಗುಂಡಿ ಕಾಜದೊಳಗೆ ಹೋಗಿದೆಯೋ ಇಲ್ಲವೋ ಎಂಬುದನ್ನು ಮೊಹ್ಸೆನ್ ಕನ್ನಡಿ ನೋಡಿಯೇ ತಿಳಿಯಬೇಕಾಯಿತು. ಬೆರಳುಗಳು ಏನನ್ನೂ ಹೇಳುತ್ತಿರಲಿಲ್ಲ. ನೋವಿರಲಿಲ್ಲ, ಜೋಮು ಹಿಡಿದದ್ದೂ ಈಗ ಹಳೆಯ ಮಾತಾಗಿತ್ತು. ಎರಡು ಕೈಗೂ ಯಾರೋ ದಪ್ಪ ಉಣ್ಣೆಯ ಚೀಲ ತೊಡಿಸಿ ಮಣಿಕಟ್ಟಿನಲ್ಲಿ ಹೊಲಿದುಬಿಟ್ಟಹಾಗೆ, ಅಷ್ಟೆ. ಅಡುಗೆಮನೆಯಲ್ಲಿ ಹೆಂಡತಿ ಸಾಲ್ಹಾ ಕಾಫಿ ಇಳಿಸುವ ಸದ್ದು ಕೇಳಿಸಿತು. ಅವಳು ಒಳಗೆ ಬರುವ ಮೊದಲೇ ಅಂಗಿ ಹಾಕಿ ಮುಗಿದಿರಬೇಕು ಎಂಬುದು ಈಚೆಗೆ ಅವನು ತನಗೇ ಹಾಕಿಕೊಂಡಿದ್ದ ಕಟ್ಟಳೆ. ಮುಗಿದಿತ್ತು. ಅವನು ತಾರಸಿಗೆ ಹೋದ.

ತಾರಸಿಯ ಮೂಲೆಯಲ್ಲಿ ಹಳೆಯ ಸ್ಟೀಲಿನ ಸಿಂಕ್ ಇತ್ತು. ಅಡುಗೆಮನೆಗೆ ಹೊಸದು ಹಾಕಿಸಿದಾಗ ಸಾಲ್ಹಾ ಹಳೆಯದನ್ನು ಗುಜರಿಗೆ ಕೊಡಬೇಡವೆಂದು ಹಟ ಹಿಡಿದು ಮೇಲೆ ಹೊರಿಸಿ, ಮಣ್ಣು ತುಂಬಿ, ಪುದೀನ ನೆಟ್ಟಿದ್ದಳು. ಚಹಾಕ್ಕೆ ಅಲ್ಲಿಂದಲೇ ಎಲೆ. ನೆರೆಮನೆಯವರೂ ಕೇಳಿ ಒಯ್ಯುತ್ತಿದ್ದರು. ಮೊಹ್ಸೆನ್ ಕೂತು ಗಿಡಗಳನ್ನು ಬುಡಸಮೇತ ಕಿತ್ತು ನೆಲದ ಮೇಲೆ ಹಾಕುತ್ತ ಹೋದ. ಸಿಂಕಿನ ಆಳ, ಅದರ ತೂತು, ತೂತಿನ ಕಡೆಗೆ ತಳದ ಇಳಿಜಾರು, ಇವನ್ನು ಎಷ್ಟೋ ರಾತ್ರಿ ಮಲಗಿಕೊಂಡೇ ಮನಸ್ಸಿನಲ್ಲಿ ಅಳೆದಿದ್ದ. ಈಗ ಅದು ಎದುರಿಗಿರುವಾಗ ಸಂತೋಷವಾಗಬೇಕಿತ್ತು ಎಂದುಕೊಂಡ. ಹೆಗಲ ಮೇಲಿಟ್ಟುಕೊಂಡು ಇಳಿಯುವಾಗ ಮೆಟ್ಟಿಲುದ್ದಕ್ಕೂ ಮಣ್ಣು ಉದುರಿತು.

ಸಾಲ್ಹಾ ಬಾಗಿಲಲ್ಲಿ ನಿಂತಿದ್ದಳು. "ಅದರಲ್ಲಿ ಪುದೀನ ಇತ್ತು."

"ಬೇರೆ ಡಬ್ಬಕ್ಕೆ ಹಾಕ್ತೀನಿ."

"ಹಾಕಿದ್ಯಾ?"

"ಸಂಜೆ ಹಾಕ್ತೀನಿ."

"ಸಂಜೆ ತನಕ ಬಿಸಿಲು ಕಾಯುತ್ತಾ ಕೂತಿರುತ್ತಾ?" ಎಂದಳು. ಬೈಗುಳ ಮುಂದುವರಿಯುತ್ತದೆಂದು ಅವನು ಕಾದ. ಅವಳು ಮುಂದೆ ಬಂದು ಅವನ ಎಡಗೈಯನ್ನು ಹಿಡಿದು, ಮಡಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒಳಗೆ ಒಂದು ಹಿಡಿ ಬೇರು ಇತ್ತು. ಅದು ಇನ್ನೂ ತನ್ನ ಕೈಯಲ್ಲಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ಬೇರುಗಳನ್ನು ಲೋಟದ ನೀರಿಗೆ ಇಳಿಬಿಟ್ಟಳು. ಬೈದಿದ್ದರೇ ಚೆನ್ನಾಗಿತ್ತು ಎಂದು ಬೀದಿಗೆ ಇಳಿದ ಮೇಲೆ ಅನ್ನಿಸಿತು. ಬೈದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ, ಆಗಲೂ ಏನೂ ಆಗುತ್ತಿರಲಿಲ್ಲ.

ಕಡಲತೀರದ ಊರು ಸ್ಫಾಕ್ಸಿನ ಆ ಬೀದಿಯಲ್ಲಿ ಎರಡೂ ಕಡೆ ಗ್ಯಾರೇಜುಗಳೇ. ಬೆಳಿಗ್ಗೆ ಶಟರುಗಳು ಏಳುವ ಹೊತ್ತಿಗೆ ಗಾಣಗಳ ಕಡೆಯಿಂದ ಆಲಿವ್ ಹಿಂಡಿಯ ವಾಸನೆ ಬಂದು ಪೆಟ್ರೋಲಿನ ವಾಸನೆಯೊಂದಿಗೆ ಬೆರೆಯುತ್ತಿತ್ತು. ಅವನ ಗ್ಯಾರೇಜಿನ ಶಟರ್ ಆಗಲೇ ಎದ್ದಿತ್ತು. ಲಸ್ಸಾದ್, ಸಾಲ್ಹಾಳ ತಮ್ಮ, ಒಳಗೆ ರಿಪೇರಿಗೆ ಬಂದಿದ್ದ ಶಾದ್ಲಿ ಮೇಷ್ಟ್ರ ಕಾರಿನ ಮುಂಭಾಗದ ಎದುರು ಕುಕ್ಕರಗಾಲಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದ. ಅಕ್ಕನ ಮದುವೆಯ ವರ್ಷ ಅವನು ಇಲ್ಲಿಗೆ ಬಂದಾಗ ಮೀಸೆ ಮೂಡಿರಲಿಲ್ಲ. ಈಗ ಅವನ ಕೂದಲು ಭಾವನ ಕೂದಲಿಗಿಂತ ಹೆಚ್ಚು ಉದುರಿತ್ತು.

"ಏನ್ ಭಾವ, ಮನೆ ಖಾಲಿ ಮಾಡಿಸ್ತಾ ಇದಾಳಾ ಅಕ್ಕ? ಮೊದಲು ಸಿಂಕು, ನಾಳೆ ಮಂಚಾನಾ?"

"ಬಿಡಿಭಾಗ ತೊಳೆಯೋ ತೊಟ್ಟಿ ಮಾಡ್ತೀನಿ ಅಂದಿದ್ನಲ್ಲ."

"ನೀನು ಅಂದಿದ್ದೆಲ್ಲ ಮಾಡೋದಾಗಿದ್ರೆ ಈ ಬೀದೀಲಿ ನಮ್ಮದು ಮೂರಂತಸ್ತು ಇರ್ತಿತ್ತು," ಎಂದು ಲಸ್ಸಾದ್ ಎದ್ದು, ಬ್ರೆಡ್ಡನ್ನು ಬಾಯಲ್ಲೇ ಕಚ್ಚಿಕೊಂಡು ಸಿಂಕಿನ ಇನ್ನೊಂದು ಬದಿ ಹಿಡಿದ. "ಪೆಟ್ರೋಲಿಗೆ ಏನಾಗಿತ್ತು? ಒಂದು ಬೋಗುಣಿ, ಒಂದು ಬ್ರಷ್ಷು. ನಿಮ್ಮಪ್ಪನೂ ಅದರಲ್ಲೇ ತೊಳೆದ."

"ಚರ್ಮ ಒಡೆಯುತ್ತೆ," ಎಂದ ಮೊಹ್ಸೆನ್.

ಚರ್ಮ ಒಡೆಯುತ್ತದೆ ಎಂಬುದು ಸುಳ್ಳೇನಲ್ಲ. ಆದರೆ ಆಸ್ಪತ್ರೆಯ ಆ ಹುಡುಗಿ, ಅವಳನ್ನು ಡಾಕ್ಟರೆಂದು ನಂಬಲು ಅವನಿಗೆ ಕೊಂಚ ಹೊತ್ತು ಬೇಕಾಗಿತ್ತು, ಚರ್ಮದ ಮಾತೇ ಎತ್ತಿರಲಿಲ್ಲ. ಕಣ್ಣು ಮುಚ್ಚಿಕೊಳ್ಳಿ ಎಂದಿದ್ದಳು. ಮುಚ್ಚಿಕೊಂಡಿದ್ದ. ಸೂಜಿ ತಗುಲಿದಾಗ ಹೇಳಿ. ಅವನು ಕಾದಿದ್ದ. ಕಿಟಕಿಯ ಹೊರಗೆ ಯಾರೋ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು, ಬ್ಯಾಟರಿ ಸತ್ತಿತ್ತು. ಬಹಳ ಹೊತ್ತಾಯಿತೆಂದು ತೋರಿ, ಈಗ ಚುಚ್ಚಿರಬಹುದೆಂದು ಅಂದಾಜಿನ ಮೇಲೆ, "ಹೂಂ, ಈಗ," ಎಂದಿದ್ದ. ಕಣ್ಣು ತೆರೆದಾಗ ಅವಳು ಸೂಜಿಯನ್ನು ತಟ್ಟೆಯಲ್ಲಿಟ್ಟು ಬರೆದುಕೊಳ್ಳುತ್ತಿದ್ದಳು. ಅವನ ಬೆರಳ ತುದಿಗಳಲ್ಲಿ ಸಾಲಾಗಿ ಕೆಂಪು ಚುಕ್ಕೆಗಳಿದ್ದವು. "ಎಷ್ಟು ವರ್ಷದಿಂದ ಪೆಟ್ರೋಲಲ್ಲಿ ಕೈ ಅದ್ದುತ್ತಾ ಇದೀರಿ?" ಎಂದು ಕೇಳಿದ್ದಳು. ಅವನಿಗೆ ನಾಚಿಕೆಯಾದದ್ದು ರೋಗಕ್ಕಲ್ಲ, ಸ್ಕೂಲಿನಲ್ಲಿ ಪಕ್ಕದವನದನ್ನು ನೋಡಿ ಬರೆದು ಸಿಕ್ಕಿಬಿದ್ದವನ ಹಾಗೆ ಆ ಹುಡುಗಿಯ ಎದುರು "ಈಗ" ಎಂದದ್ದಕ್ಕೆ. ಇನ್ನು ಮುಂದೆ ಪೆಟ್ರೋಲ್ ಮುಟ್ಟಬೇಡಿ ಎಂದಳು. ಮುಟ್ಟದಿದ್ದರೆ ವಾಪಸು ಬರುತ್ತದೆಯೇ ಎಂದು ಅವನು ಕೇಳಲಿಲ್ಲ. ಬರಬಹುದು, ಬರದೆಯೂ ಇರಬಹುದು ಎಂದು ಅವಳೇ ಹೇಳಿದಳು. ಆ ರಾತ್ರಿಯಿಂದಲೇ ಅವನ ತಲೆಯಲ್ಲಿ ತೊಟ್ಟಿ ಕಟ್ಟಿಕೊಳ್ಳತೊಡಗಿದ್ದು.

ಗಾಣದವರು ಎಸೆದಿದ್ದ ಎಣ್ಣೆಯ ಪೀಪಾಯಿಯೊಂದರ ಮೇಲ್ಮುಚ್ಚಳವನ್ನು ಅವರು ಕತ್ತರಿಸಿದರು. ಬಾಯಿಯ ಮೇಲೆ ಸಿಂಕ್ ಸರಿಯಾಗಿ ಕೂತಿತು. ಕೆಟ್ಟುಹೋದ ಬಟ್ಟೆ ಒಗೆಯುವ ಮಿಷಿನ್ನಿನ ನೀರು ಹೊರಹಾಕುವ ಪಂಪನ್ನು ಮೊಹ್ಸೆನ್ ಪೀಪಾಯಿಯ ಹೊರಮೈಗೆ, ತಳದಿಂದ ಒಂದು ಗೇಣು ಮೇಲೆ ಕೂರಿಸಿದ. ಕೊಳೆ, ಲೋಹದ ಪುಡಿ ಎಲ್ಲ ತಳಕ್ಕಿಳಿಯಲಿ; ಪಂಪು ಮೇಲಿನ ತಿಳಿಯನ್ನು ಮಾತ್ರ ಎಳೆಯಲಿ. ಪಂಪಿನಿಂದ ರಬ್ಬರ್ ಕೊಳವೆ ಮೇಲೆ ಹೋಗಿ ಸಿಂಕಿನ ಬದಿಯಲ್ಲಿ ಬಗ್ಗಿಸಿದ ಪೈಪಿಗೆ ಸೇರಬೇಕು, ಪೈಪಿನ ತುದಿಗೆ ಬ್ರಷ್ಷು. ತೊಳೆದ ನೀರು ಸಿಂಕಿನ ತೂತಿನಿಂದ ಸಾಲ್ಹಾಳ ಹಳೆಯ ಕಾಲುಚೀಲದಲ್ಲಿ ಸೋಸಿ ಮತ್ತೆ ಪೀಪಾಯಿಗೆ. ಕೆಟ್ಟ ಸ್ಪೀಕರಿನ ಅಯಸ್ಕಾಂತವೊಂದನ್ನೂ ಕಾಲುಚೀಲದೊಳಗೆ ಹಾಕಿದ. ಕೆಲಸ ಹೀಗೆ ಒಂದರ ಹಿಂದೊಂದು ಸಾಗುವಾಗ ಮನಸ್ಸು ಒಂದು ಬಗೆಯ ಮಟ್ಟಸವಾದ ನೆಲದ ಮೇಲೆ ನಿಂತಂತಿತ್ತು. ಪಕ್ಕದಲ್ಲಿ ಮೇಷ್ಟ್ರ ಕಾರಿನ ಜಜ್ಜಿಹೋದ ಮುಖ ಇತ್ತು. ಅದನ್ನೂ ಅವನು ನೋಡಬಲ್ಲವನಾಗಿದ್ದ.

ಪಂಪಿನ ತಿರುಪು ಹಾಕುವಾಗ ಎರಡು ಸಲ ತಿರುಪು ಕೈಜಾರಿ ಬಿತ್ತು. ಮೊದಲ ಸಲ ಅವನೇ ಹುಡುಕಿದ. ಎರಡನೆಯ ಸಲ ಲಸ್ಸಾದ್ ಮಾತನಾಡುತ್ತಲೇ, ಫುಟ್‌ಬಾಲ್ ತಂಡದ ಗೋಲ್‌ಕೀಪರನನ್ನು ಬೈಯುತ್ತಲೇ, ಬಗ್ಗಿ ಎತ್ತಿ, ತಾನೇ ತಿರುಗಿಸಿ ಮುಗಿಸಿ, "ಮೂರೂ ಗೋಲು ಕಾಲ ಸಂದಿಯಿಂದಲೇ! ಅವನ ಬದಲು ನಮ್ಮಜ್ಜಿ ನಿಂತಿದ್ರೆ ಚೆಂಡು ಲಂಗಕ್ಕಾದರೂ ಸಿಕ್ಕಿಕೊಳ್ತಿತ್ತು," ಎಂದ. ಮೊಹ್ಸೆನ್ ನಕ್ಕ. ನಗು ಸರಿಯಾದ ಹೊತ್ತಿಗೆ ಬಂತು ಎಂದು ಅವನಿಗೆ ಸಮಾಧಾನವಾಯಿತು.

ಆ ದಿನವೂ ಲಸ್ಸಾದ್ ಹೀಗೇ ಏನೋ ಹೇಳಿ ನಗಿಸಿದ್ದ. ಮೇಷ್ಟ್ರು ಬ್ರೇಕಿನ ಕೆಲಸಕ್ಕೆಂದು ಕಾರು ಬಿಟ್ಟುಹೋದಾಗ ಅದರ ಕೆಳಗೆ ಮಲಗಿದ್ದವನು ಲಸ್ಸಾದನೇ. ಚಕ್ರ ಬಿಚ್ಚಿದ್ದೂ ಅವನೇ. ಮಧ್ಯಾಹ್ನ ಮಗಳಿಗೆ ಜ್ವರವೆಂದು ಮನೆಯಿಂದ ಕರೆ ಬಂದು ಅವನು ಹೋದ. ಉಳಿದ ಕೆಲಸವನ್ನು ಮೊಹ್ಸೆನ್ ಮುಗಿಸಿದ. ಬಲಗಡೆಯ ಬ್ರೇಕಿನ ಒಂದು ಬೋಲ್ಟು ತಿರುಪಿನ ಸುತ್ತಿಗೆ ಸುತ್ತು ಕೂತು ಒಳಹೋಗುತ್ತಿದೆಯೋ, ಅಡ್ಡ ಕಚ್ಚುತ್ತಿದೆಯೋ, ಅದನ್ನು ಹೇಳುವುದು ಕಣ್ಣಲ್ಲ. ಅಲ್ಲಿ ಕಣ್ಣು ಹೋಗುವುದೇ ಇಲ್ಲ. ಬೆರಳು ತನ್ನಷ್ಟಕ್ಕೆ ಹೇಳಬೇಕು. ಸ್ಪ್ಯಾನರಿಗೆ ಅದು ಬಿಗಿಯಾಗಿಯೇ ಸಿಕ್ಕಿತ್ತು. ಮೂರನೆಯ ದಿನ ಗಾಬೆಸ್ ರಸ್ತೆಯಲ್ಲಿ ಆ ಬೋಲ್ಟು ಕಳಚಿ, ಮೇಷ್ಟ್ರ ಕಾರು ಬಲಕ್ಕೆ ಎಳೆದು, ನಿಲ್ಲದೆ, ಆಲಿವ್ ತೋಟದ ಕಲ್ಲುಗೋಡೆಗೆ ಹೋಗಿ ಕುಟ್ಟಿತು. ಮೇಷ್ಟ್ರಿಗೆ ಏನೂ ಆಗಲಿಲ್ಲ. ಅವರ ಹೆಂಡತಿಯ ಹೆಗಲ ಮೂಳೆ ಮುರಿಯಿತು.

ಮೇಷ್ಟ್ರು ಬೀದಿಯ ಆ ತುದಿಯಿಂದ ನಡೆದೇ ಬಂದಿದ್ದರು. ಗ್ಯಾರೇಜುಗಳಲ್ಲಿ ಸುತ್ತಿಗೆಗಳು ಒಂದೊಂದೇ ನಿಂತವು. ನೇರವಾಗಿ ಲಸ್ಸಾದನ ಎದುರು ನಿಂತು, ಜೀವನವಿಡೀ ಭೂಗೋಳ ಕಲಿಸಿದ ಆ ದೊಡ್ಡ ಗಂಟಲಿನಲ್ಲಿ, "ಕತ್ತೆಗೆ ಲಾಳ ಹೊಡೆಯೋಕೂ ಲಾಯಕ್ಕಿಲ್ಲದ ಕೈ ಇದು, ಇದನ್ನ ಜೇಬಲ್ಲಿ ಇಟ್ಕೊಂಡು ಓಡಾಡು," ಎಂದಿದ್ದರು. ಲಸ್ಸಾದ್ ತಲೆ ತಗ್ಗಿಸಿ ಮುಂದೆ ಹೋಗಿ ಅವರ ಭುಜಕ್ಕೆ ಮುತ್ತಿಟ್ಟು, "ನಮ್ಮಿಂದ ತಪ್ಪಾಯ್ತು ಮೇಷ್ಟ್ರೇ, ಗಾಡಿ ಸರಿ ಮಾಡಿಕೊಡೋದು ನಮ್ಮ ಜವಾಬ್ದಾರಿ," ಎಂದಿದ್ದ. ಮೊಹ್ಸೆನ್ ಅವನ ಹಿಂದೆ ನಿಂತು ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಒರೆಸಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಒರೆಸಿಕೊಂಡ. ಬಾಯಿ ತೆರೆಯುವುದಕ್ಕೆ ಅದು ತಕ್ಕ ಸಮಯವಾಗಿತ್ತು, ಆಮೇಲೆ ಇನ್ನೊಂದು ತಕ್ಕ ಸಮಯ ಬಂತು, ಅದೂ ಹೋಯಿತು. ತನಗೆ ಅಳು ಬರಬಹುದೆಂದು ಆ ರಾತ್ರಿ ಪಕ್ಕಕ್ಕೆ ತಿರುಗಿ ಮಲಗಿದ್ದ. ಬಂದದ್ದು ನಿದ್ದೆ.

"ಸೋಪು ಹಾಕೋಣ," ಎಂದ ಲಸ್ಸಾದ್. ಹಸಿರು ಸಾಬೂನಿನ ಗಟ್ಟಿಯನ್ನು ಅವನು ಆಗಲೇ ಚಾಕುವಿನಿಂದ ಹೆರೆಯುತ್ತಿದ್ದ. ಬೇಡ, ನೊರೆ ಬರುತ್ತೆ, ಸೋಡಾಪುಡಿ ಸಾಕು ಎಂದು ಮೊಹ್ಸೆನ್ ಹೇಳುವಷ್ಟರಲ್ಲಿ ಅದು ನೀರಿಗೆ ಬಿದ್ದಿತ್ತು. ಪಂಪು ಹಾಕಿದರು. ಕೊಂಚ ಗೊರಗೊರ ಎಂದು, ಕೆಮ್ಮಿ, ಬ್ರಷ್ಷಿನ ತುದಿಯಿಂದ ನೀರು ಬಂದೇ ಬಂತು. ಲಸ್ಸಾದ್ ಮದುವೆಮನೆಯ ಹೆಂಗಸರ ಹಾಗೆ ನಾಲಿಗೆ ಹೊರಳಿಸಿ ಕೂಗಿದ. ಆಮೇಲೆ ಸಿಂಕಿನ ತೂತಿನೊಳಗಿಂದ ನೊರೆ ಎದ್ದಿತು. ಎದ್ದು, ಸಿಂಕ್ ತುಂಬಿ, ಅಂಚು ದಾಟಿ, ಪೀಪಾಯಿಯ ಮೈಮೇಲೆ ಇಳಿದು, ಹೊಸಿಲು ದಾಟಿ ಬೀದಿಗೆ ಹೋಯಿತು. ಎದುರಿನ ಟಯರ್ ಅಂಗಡಿಯವನು ಕುರ್ಚಿ ಎಳೆದುಕೊಂಡು ಹೊರಗೆ ಕೂತ. "ಮೊಹ್ಸೆನ್, ಊರವರಿಗೆ ಸ್ನಾನದ ಹಮ್ಮಾಮ್ ಯಾವಾಗ ತೆಗೆದೆಯಪ್ಪಾ? ಹೆಂಗಸರಿಗೆ ಯಾವ ಹೊತ್ತು, ಗಂಡಸರಿಗೆ ಯಾವ ಹೊತ್ತು?" ಬೀದಿ ನಕ್ಕಿತು. ಮೊಹ್ಸೆನ್ ಪಂಪು ನಿಲ್ಲಿಸಿ, ಮೊಣಕಾಲೂರಿ, ಎರಡು ಕೈಯಲ್ಲೂ ನೊರೆಯನ್ನು ಬಾಚಿ ಬಕೆಟ್ಟಿಗೆ ಹಾಕತೊಡಗಿದ. ನೊರೆ ಕೈಯಲ್ಲಿದೆಯೋ ಇಲ್ಲವೋ ಎಂದು ನೋಡಿ ನೋಡಿ ಹಾಕಬೇಕಿತ್ತು. ನೊರೆಯ ವಿಷಯದಲ್ಲಿ ಎಲ್ಲರಿಗೂ ಅಷ್ಟೇ ಇರಬಹುದು ಎನ್ನಿಸಿತು.

ನೀರು ಬದಲಾಯಿಸಿ ಸೋಡಾಪುಡಿ ಮಾತ್ರ ಹಾಕಿದರು. ಬಟ್ಟೆ ಮಿಷಿನ್ನಿನ ನೀರು ಕಾಯಿಸುವ ಕಡ್ಡಿಯನ್ನು ರಬ್ಬರಿನ ಬಿಲ್ಲೆ ಹಾಕಿ ಪೀಪಾಯಿಯ ಪಕ್ಕೆಗೆ ಕೂರಿಸಿದ್ದಾಗಿತ್ತು. ಪಂಪಿನ ಸ್ವಿಚ್ಚಿಗೇ ಸೇರಿಸಿ ಅದನ್ನೂ ಹಾಕಿ ಬಹಳ ಹೊತ್ತಾಗಿತ್ತು. ಅದರ ಜೊತೆ ಇರಬೇಕಾದ, ಬಿಸಿ ಹೆಚ್ಚಾದರೆ ತಾನಾಗಿ ಕರೆಂಟು ಕಡಿಯುವ ಬಿಡಿಭಾಗ ಕೆಟ್ಟಿತ್ತು.

"ಅದಿಲ್ದೆ ಹೇಗೆ?" ಎಂದ ಲಸ್ಸಾದ್.

"ಆಗಾಗ ಕೈಯಿಟ್ಟು ನೋಡಿ ಸ್ವಿಚ್ ಆರಿಸಿದರಾಯ್ತು," ಎಂದ ಮೊಹ್ಸೆನ್.

ಲಸ್ಸಾದ್ ಅವನನ್ನು ಒಂದು ಕ್ಷಣ ನೋಡಿದ. ಏನೋ ಹೇಳುವವನಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಶಾದ್ಲಿ ಮೇಷ್ಟ್ರು ಕೈಯಲ್ಲಿ ಮೀನಿನ ಚೀಲ ಹಿಡಿದು ನಿಂತಿದ್ದರು, ಮಾರುಕಟ್ಟೆಯಿಂದ ಬರುತ್ತಿದ್ದಿರಬೇಕು. ಲಸ್ಸಾದ್ ಕುರ್ಚಿ ಒರೆಸಿ ಮುಂದಿಟ್ಟ. ಅವರು ಕೂರಲಿಲ್ಲ.

"ಆಯ್ತಾ?"

"ರೇಡಿಯೇಟರ್ ಬಂತು ಮೇಷ್ಟ್ರೇ. ಬ್ರೇಕಿನ ಭಾಗ ಎಲ್ಲ ಬಿಚ್ಚಿ ತೊಳೆದು ಕೂರಿಸ್ತೀವಿ. ಅಮ್ಮಾವ್ರು ಹೇಗಿದಾರೆ?"

"ತಲೆ ಬಾಚ್ಕೊಳ್ಳೋಕಾಗಲ್ಲ," ಎಂದರು ಮೇಷ್ಟ್ರು. "ದಿನಾ ನಾನೇ ಬಾಚ್ತೀನಿ. ಎಳೀತೀನಿ ಅಂತ ಬೈತಾಳೆ." ಆ ಮಾತು ತಮ್ಮ ಬಾಯಿಂದ ಬಂದದ್ದು ಇಷ್ಟವಾಗದವರಂತೆ ಅವರು ಮುಖ ತಿರುಗಿಸಿ ತೊಟ್ಟಿಯ ಕಡೆ ನೋಡಿದರು. "ಇದೇನಿದು?"

ಮೊಹ್ಸೆನ್ ವಿವರಿಸಿದ. ಕೊಳೆ ತಳಕ್ಕೆ ಹೋಗುವುದು, ತಿಳಿ ಮೇಲೆ ಬರುವುದು, ಕಾಲುಚೀಲ, ಅಯಸ್ಕಾಂತ. ವಿವರಿಸುತ್ತ ಹೋದಹಾಗೆ ತನ್ನ ದನಿ ತನಗೇ ತುಂಬ ಸ್ಪಷ್ಟವಾಗಿ, ಬೇರೊಬ್ಬನದೆಂಬಂತೆ ಕೇಳಿಸಿತು. ಇವರ ಹೆಂಡತಿಯ ಕೂದಲು, ಅದನ್ನು ಎಳೆಯುವ ಬಾಚಣಿಗೆ, ಎಂದು ಒಳಗೆ ಹೇಳಿಕೊಂಡು ನೋಡಿದ. ಏನೂ ಅಲುಗಲಿಲ್ಲ. ಪೈಪಿನಿಂದ ಸಿಂಕಿಗೆ ನೀರು ಸುರಿಯುತ್ತಿತ್ತು. ಬಾಗಿಲಿಂದ ಬಿದ್ದ ಬಿಸಿಲಲ್ಲಿ ಹಬೆ ಕಾಣುತ್ತಿರಲಿಲ್ಲ. ಕಾದಿದೆಯೋ ಇಲ್ಲವೋ ನೋಡಲು ಅವನು ಕೈಯನ್ನು ಆ ಧಾರೆಗೆ ಹಿಡಿದ, ಹಿಡಿದುಕೊಂಡೇ ಹೇಳುತ್ತಿದ್ದ: "ಇನ್ನೂ ಕಾದಿಲ್ಲ, ಕಾದ ಮೇಲೆ ಗ್ರೀಸು ಹೇಗೆ ಬಿಡುತ್ತೆ ನೋಡಿ..."

"ಭಾವ!"

ಲಸ್ಸಾದ್ ಹಾರಿಬಂದು ಅವನ ತೋಳನ್ನು ಎಳೆದ. ಅವನಿಗೆ ಗೊತ್ತಾದದ್ದು ಆ ಎಳೆತ, ಹೆಗಲಲ್ಲಿ. ಕೈ ನೋಡಿಕೊಂಡ. ಬೆರಳುಗಳು ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿದ್ದವು, ಎರಡು ಬೆರಳ ನಡುವೆ ಚರ್ಮ ಬೆಳ್ಳಗೆ ಎದ್ದಿತ್ತು. ಲಸ್ಸಾದ್ ಅವನನ್ನು ನಲ್ಲಿಯವರೆಗೆ ದೂಡಿಕೊಂಡು ಹೋಗಿ ತಣ್ಣೀರಿನ ಕೆಳಗೆ ಕೈ ಹಿಡಿಸಿದ. ಒಂದು ಕೈಯಿಂದ ಹಿಡಿದು ಇನ್ನೊಂದರಿಂದ ಗೋಡೆಯ ಸ್ವಿಚ್ ಆರಿಸಲು ಹೋಗಿ ಎಟುಕದೆ, "ಮೇಷ್ಟ್ರೇ, ಅದೊಂದು ಆರಿಸಿ," ಎಂದ. ಮೇಷ್ಟ್ರು ಆರಿಸಿದರು. ಪಂಪು ನಿಂತು ಗ್ಯಾರೇಜಿನಲ್ಲಿ ನಲ್ಲಿಯ ಸದ್ದೊಂದೇ ಉಳಿಯಿತು.

"ನಿಮಗೆ ಗೊತ್ತಾಗಲಿಲ್ವಾ?" ಎಂದು ಕೇಳಿದರು ಮೇಷ್ಟ್ರು.

"ಇಲ್ಲ," ಎಂದ ಮೊಹ್ಸೆನ್.

"ಏನೂ?"

"ಏನೂ ಇಲ್ಲ." ಆಮೇಲೆ, ಹೇಳಬೇಕೆಂದು ನಿರ್ಧರಿಸದೆಯೇ, ತಣ್ಣೀರಿನ ಕೆಳಗಿರುವ ತನ್ನ ಕೈಯನ್ನೇ ನೋಡುತ್ತ ಹೇಳಿದ: "ನಿಮ್ಮ ಗಾಡಿಯ ಬಲಗಡೆ ಬ್ರೇಕು ಕೂರಿಸಿದ್ದು ನಾನು ಮೇಷ್ಟ್ರೇ. ಇವನಲ್ಲ. ಇವನು ಆವತ್ತು ಮನೆಗೆ ಹೋಗಿದ್ದ."

ಮೇಷ್ಟ್ರು ಅವನ ಕೈ ನೋಡಿದರು, ಲಸ್ಸಾದನನ್ನು ನೋಡಿದರು. ಅವರ ಮುಖದ ಮೇಲೆ ಕೋಪ ಬರಲು ಜಾಗ ಬಿಟ್ಟುಕೊಟ್ಟಂತೆ ಮೊಹ್ಸೆನ್ ಕಾದ. ಬೈಯಲಿ, ಬೀದಿ ಕೇಳಲಿ, ಟಯರ್ ಅಂಗಡಿಯವನು ಕುರ್ಚಿ ಇನ್ನಷ್ಟು ಮುಂದೆಳೆದುಕೊಳ್ಳಲಿ. ಮೇಷ್ಟ್ರು ಮೀನಿನ ಚೀಲವನ್ನು ಕೈ ಬದಲಾಯಿಸಿದರು. ಚೀಲದಿಂದ ನೀರು ತೊಟ್ಟಿಕ್ಕಿ ಅವರ ಬೂಟಿನ ಮೇಲೆ ಬೀಳುತ್ತಿತ್ತು.

"ಈಗ ಹೇಳಿ ಏನಾಗ್ಬೇಕು?" ಎಂದರು. ದನಿ ಏರಲಿಲ್ಲ. "ಗಾಡಿ ಶುಕ್ರವಾರಕ್ಕೆ ಬೇಕು, ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು." ಹೊಸಿಲ ಹತ್ತಿರ ನಿಂತು, ತಿರುಗದೆ, ಲಸ್ಸಾದನ ಕಡೆ ಬೆರಳು ಮಾಡಿದರು. "ಈ ಸಲ ಪೂರ್ತಿ ಇವನೇ ಮಾಡ್ಲಿ."

ಅವರು ಹೋದ ಮೇಲೆ ಲಸ್ಸಾದ್ ಶುದ್ಧವಾದ ಬಟ್ಟೆಯೊಂದನ್ನು ಹುಡುಕಿ ತಂದು ಒದ್ದೆ ಮಾಡಿ ಭಾವನ ಕೈಗೆ ಸುತ್ತಿದ. ಸುತ್ತುವಾಗ ಬಿಗಿಯಾಯಿತೇ ಎಂದು ಕೇಳಲಿಲ್ಲ. ಕೊನೆಗೆ, "ಯಾಕೆ ಹೇಳ್ದೆ?" ಎಂದ. "ನಾನು ಬೈಸ್ಕೊಂಡಾಗಿತ್ತಲ್ಲ. ಮುಗಿದು ಹೋಗಿತ್ತು. ಈಗ ಮೇಷ್ಟ್ರು ಕಾಫಿ ಅಂಗಡೀಲಿ ಕೂತು ಹೇಳ್ತಾರೆ, ಮೊಹ್ಸೆನ್‌ಗೆ ಕೈ ಇಲ್ಲ ಅಂತ. ಯಾರು ಗಾಡಿ ತರ್ತಾರೆ?"

"ನಿನಗೆ ಗೊತ್ತಿತ್ತಾ?"

"ಏನು ಗೊತ್ತಿತ್ತಾ! ಚಳಿಗಾಲದಿಂದ ನೀನು ಹಾಕಿದ್ದ ಬೋಲ್ಟೆಲ್ಲ ನಾನು ಇನ್ನೊಂದು ಸಲ ನೋಡ್ತಾ ಇದೀನಿ ಭಾವ. ನೀನು ಊಟಕ್ಕೆ ಹೋದಾಗ, ನಮಾಜಿಗೆ ಹೋದಾಗ. ಒಂದೊಂದು ಸಲ ಬಿಚ್ಚಿ ಮತ್ತೆ ಹಾಕ್ತಿದ್ದೆ. ಆವತ್ತು ಮಗು ಜ್ವರ ಅಂತ ಓಡಿದೆ, ತಲೆಯಿಂದ ಹೋಗ್ಬಿಡ್ತು. ಮೇಷ್ಟ್ರು ಬೈದಿದ್ದು ಸರೀನೇ ಇತ್ತು. ನೋಡಬೇಕಾದವನು ನಾನು, ನೋಡಲಿಲ್ಲ."

ಮೊಹ್ಸೆನ್ ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ. ಚಳಿಗಾಲದಿಂದ. ಊಟ ಮುಗಿಸಿ ಬಂದು ತಾನು ಬೀಗದ ಕೈಯನ್ನು ಗಿರಾಕಿಯ ಕೈಗಿಟ್ಟು "ಹೋಗಿ ಬನ್ನಿ" ಎನ್ನುತ್ತಿದ್ದದ್ದು, ಪಕ್ಕದಲ್ಲಿ ಇವನು ಏನೂ ತಿಳಿಯದವನಂತೆ ನಿಂತಿರುತ್ತಿದ್ದದ್ದು. ಆ ದಿನಗಳನ್ನೆಲ್ಲ ಈಗ ಬೇರೆಯೇ ದಿನಗಳೆಂಬಂತೆ ತಿರುಗಿ ನೋಡಬೇಕಿತ್ತು. ಅದು ದೊಡ್ಡ ಕೆಲಸವೆನ್ನಿಸಿತು.

"ಸಾಲ್ಹಾಗೆ?"

"ಅಕ್ಕಾನೇ ನನಗೆ ಹೇಳಿದ್ದು. ಮೀನು ಬೇಡ ಅಂತಾರೆ ಕಣೋ, ಮುಳ್ಳು ಬಿಡಿಸೋಕಾಗ್ತಿಲ್ಲ ಅನ್ಸುತ್ತೆ, ಅಂಗಡೀಲಿ ಕಣ್ಣಿಟ್ಟಿರು ಅಂದ್ಲು." ಲಸ್ಸಾದ್ ಮುಖ ಒರೆಸಿಕೊಂಡ. "ಆವತ್ತಿಂದ ನಿಮ್ಮನೇಲಿ ಕಡಲೇಕಾಳೇ. ನಾನೂ ಬಂದಾಗೆಲ್ಲ ಅದೇ ತಿಂದು ಸಾಯ್ತಿದೀನಿ."

ಹೌದು, ಕಡಲೆಕಾಳು. ಕಡಲೆಕಾಳು, ಮೊಟ್ಟೆ, ಸಾರಲ್ಲಿ ಮುಳುಗಿಸಿದ ಬ್ರೆಡ್ಡು. ಸಮುದ್ರ ಕೂಗಳತೆಯಲ್ಲಿರುವ ಊರಿನಲ್ಲಿ ತನ್ನ ಮನೆಯಲ್ಲಿ ಮೀನಿನ ವಾಸನೆ ಬಂದು ತಿಂಗಳುಗಳೇ ಆದವು ಎಂಬುದು ಅವನಿಗೆ ಹೊಳೆದಿರಲಿಲ್ಲ. ತನಗೆ ರುಚಿ ಕೆಟ್ಟಿದೆ ಎಂದು ಒಮ್ಮೆ ಹೇಳಿದ್ದ, ಅವಳು ಸರಿ ಎಂದಿದ್ದಳು. ಎಲ್ಲರೂ ಅವನ ಸುತ್ತ ಸದ್ದಿಲ್ಲದೆ ಓಡಾಡಿ ಅವನು ಬೀಳಿಸಿದ್ದನ್ನು ಎತ್ತಿಡುತ್ತಿದ್ದರು. ಅವನು ನಡೆಯುತ್ತಿದ್ದ, ಯಾವುದನ್ನೂ ಬೀಳಿಸದವನಂತೆ. ಈಗಲಾದರೂ ಎದೆಯೊಳಗೆ ಏನಾದರೂ ಆಗಬೇಕು ಎಂದು ಅವನು ಕೊಂಚ ಹೊತ್ತು ಕೂತ. ನಲ್ಲಿ ಸರಿಯಾಗಿ ನಿಂತಿರಲಿಲ್ಲ. ಲಸ್ಸಾದ್ ಎದ್ದು ಹೋಗಿ ಅದನ್ನು ಬಿಗಿಮಾಡಿದ.

ಮಧ್ಯಾಹ್ನದ ಬಿಸಿಲು ಬೀದಿಯ ಈ ಬದಿಗೆ ಸರಿದಿತ್ತು. ತೊಟ್ಟಿಯ ನೀರು ಬೆಚ್ಚಗೆನ್ನುವಷ್ಟು ಆರಿರಬೇಕು. ಲಸ್ಸಾದ್ ತನ್ನ ಬೆರಳು ಅದ್ದಿ ನೋಡಿ, ತಲೆಯಾಡಿಸಿದ. ಕಾಯಿಸುವ ಕಡ್ಡಿಯ ವಯರನ್ನು ಕಿತ್ತು ಮೊಳೆಗೆ ನೇತುಹಾಕಿ, ಪಂಪು ಮಾತ್ರ ಹಾಕಿದ. ಆಮೇಲೆ ಮೇಷ್ಟ್ರ ಕಾರಿನ ಕೆಳಗೆ ಹೋಗಿ, ಬಲಗಡೆಯ ಬ್ರೇಕಿನ ಭಾಗಗಳನ್ನು ತಟ್ಟೆಯೊಂದರಲ್ಲಿ ತಂದು ಸಿಂಕಿನ ಅಂಚಿನ ಮೇಲಿಟ್ಟ. ಶೆಲ್ಫಿನಿಂದ ರಬ್ಬರಿನ ಗವಸು ತೆಗೆದು ಒಂದನ್ನು ಬದಿಗಿಟ್ಟು, ಇನ್ನೊಂದನ್ನು ಭಾವನ ಗಾಯವಿಲ್ಲದ ಕೈಗೆ ತಾನೇ ತೊಡಿಸಿದ, ಬೆರಳು ಬೆರಳಿಗೂ ಎಳೆದು ಕೂರಿಸಿ.

"ನೀನು ತೊಳಿ," ಎಂದ. "ನಾನು ಕೂರಿಸ್ತೀನಿ."

ಗ್ಯಾರೇಜಿಗೆ ಹೊಸದಾಗಿ ಬಂದವನಿಗೆ ಮೊದಲು ಕೊಡುವ ಕೆಲಸ ಅದು. ಮೀಸೆ ಮೂಡದ ಲಸ್ಸಾದನಿಗೆ ಮೊಹ್ಸೆನ್ ಅದನ್ನೇ ಕೊಟ್ಟಿದ್ದ. ಅದನ್ನು ಇಬ್ಬರೂ ನೆನಪಿಸಿಕೊಂಡರು ಎಂದು ಇಬ್ಬರಿಗೂ ಗೊತ್ತಾಯಿತು. ಎದುರಿನ ಅಂಗಡಿಯವನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದ.

ಮೊಹ್ಸೆನ್ ಎದ್ದು ತೊಟ್ಟಿಯ ಎದುರು ನಿಂತ. ನೀರು ಬ್ರಷ್ಷಿನ ಎಳೆಗಳ ನಡುವಿನಿಂದ ಸಣ್ಣಗೆ, ಎಡಬಿಡದೆ ಬರುತ್ತಿತ್ತು. ಸಿಂಕಿನ ಇಳಿಜಾರು ಸರಿಯಾಗಿಯೇ ಇತ್ತು. ಕಪ್ಪು ನೀರು ಎಲ್ಲೂ ನಿಲ್ಲದೆ ತೂತಿನ ಕಡೆ ಓಡುತ್ತಿತ್ತು. ಗ್ರೀಸಿನ ಪದರ ಮೊದಲು ಕಂದುಬಣ್ಣಕ್ಕೆ ತಿರುಗಿ, ಆಮೇಲೆ ಎಳೆಎಳೆಯಾಗಿ ಬಿಟ್ಟಿತು. ಅದರಡಿಯಿಂದ ಲೋಹ ಹೊರಬಂತು. ಉಜ್ಜುತ್ತಿದ್ದ ಕೈ ಎಷ್ಟು ಒತ್ತುತ್ತಿದೆ ಎಂದು ನೋಡಲು ಬ್ರಷ್ಷಿನ ಎಳೆಗಳು ಎಷ್ಟು ಬಾಗುತ್ತಿವೆ ಎಂಬುದನ್ನು ಅವನು ಗಮನಿಸುತ್ತಿದ್ದ. ಸಾಕು ಎನ್ನಿಸಿದಾಗ ತೊಳೆದ ಭಾಗವನ್ನು ಲಸ್ಸಾದನತ್ತ ಚಾಚಿದ.

ಲಸ್ಸಾದ್ ಅದನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು, ಬೋಲ್ಟಿನ ತೂತಿನೊಳಗೆ ಕಿರುಬೆರಳು ತೂರಿಸಿ ನಿಧಾನವಾಗಿ ತಿರುಗಿಸಿದ. ಬೆರಳನ್ನು ಹೊರತೆಗೆದು ನೋಡಿದ. ತುದಿ ಕಪ್ಪಾಗಿತ್ತು.

"ಇನ್ನೊಂದು ಸಲ," ಎಂದು ವಾಪಸು ಕೊಟ್ಟ.

ಮೊಹ್ಸೆನ್ ಅದನ್ನು ನೀರಿನ ಕೆಳಗೆ ಹಿಡಿದ.